ಹಾಲಿನ ಪ್ಯಾಕೆಟ್ ಮೇಲಿನ ಅಕ್ಷರ, ಪ್ಲಾಸ್ಟಿಕ್ ಮೇಲಿನ ಮೂಳೆ

(ಈ ವಾರದ ಪಾಡ್‌ಕಾಸ್ಟ್ ಕಂತಿನ ಪಠ್ಯರೂಪ)

ಬಸ್ಸಲ್ಲಿ ನಿಂತ್ಕೊಂಡು ಕೇಳ್ತಿರೋರು, ಪಾತ್ರೆ ತೊಳೀತಾ ಕೇಳ್ತಿರೋರು, ನಿದ್ದೆ ಬರಲಿ ಅಂತ ನನ್ನ ದನಿ ಹಾಕ್ಕೊಂಡು ಮಲಗಿರೋರು, ಎಲ್ಲರಿಗೂ ಸ್ವಾಗತ. ಮಲಗಿರೋರು ಇವತ್ತು ಸ್ವಲ್ಪ ಎಚ್ಚರವಾಗಿರಿ, ವಿಷಯ ಚೆನ್ನಾಗಿದೆ.

ಹೋದ ವಾರ ಒಂದು ವಾಯ್ಸ್ ನೋಟ್ ಬಂತು. ತುಮಕೂರು ಕಡೆಯ ಹುಡುಗ. "ಅಕ್ಕಾ, ನಮ್ಮಣ್ಣನಿಗೆ ಬೈಕ್ ಆಕ್ಸಿಡೆಂಟ್ ಆಗಿ ಮೊಣಕಾಲ ಕೆಳಗಿನ ಮೂಳೆ ಮುರೀತು. ಒಳಗೆ ಇನ್ಫೆಕ್ಷನ್ ಆಗಿ ಐದು ಸೆಂಟಿಮೀಟರ್ ಮೂಳೆ ತೆಗೆದುಬಿಟ್ರು. ಈಗ ಡಾಕ್ಟರು ಕಾಲಿಗೆ ರಿಂಗ್ ಹಾಕ್ತೀವಿ ಅಂತಿದ್ದಾರೆ. ನಮ್ಮ ಮಾವ ಒಂದು ರೀಲ್ ಕಳಿಸಿದ್ದಾರೆ, ಅದ್ರಲ್ಲಿ ಥ್ರೀಡಿ ಪ್ರಿಂಟರ್‌ನಲ್ಲಿ ಮೂಳೆ ಮಾಡಿ ಕೂರಿಸ್ತಾರೆ ಅಂತ ಇದೆ. ಅದಕ್ಕೆ ಕಾಯೋದಾ, ಬೇಡ್ವಾ?"

ನಾನು ಬಿ.ಕಾಂ ಓದಿದೋಳು. ಡಾಕ್ಟರಲ್ಲ, ವಿಜ್ಞಾನಿಯೂ ಅಲ್ಲ. ಅವನಿಗೆ ಅವತ್ತೇ ಕಳಿಸಿದ ಉತ್ತರ ಇಷ್ಟೇ: ಕಾಯಬೇಡಿ. ಡಾಕ್ಟರು ಹೇಳಿದ್ದರ ಬಗ್ಗೆ ಅನುಮಾನ ಇದ್ರೆ ಇನ್ನೊಬ್ಬ ಮೂಳೆ ಡಾಕ್ಟರನ್ನ ಕೇಳಿ, ರೀಲನ್ನ ಕೇಳಬೇಡಿ. ಆದ್ರೆ ಯಾಕೆ ಕಾಯಬಾರದು ಅನ್ನೋದನ್ನ ಒಂದು ಸಾಲಲ್ಲಿ ಹೇಳೋಕಾಗಲ್ಲ. ಯಾಕಂದ್ರೆ ಆ ರೀಲ್ ಪೂರ್ತಿ ಸುಳ್ಳೇನಲ್ಲ. ಮೂಳೆ ಆಕಾರದ ಪ್ಲಾಸ್ಟಿಕ್ಕನ್ನ ಪ್ರಿಂಟ್ ಮಾಡೋದು ನಿಜ. ಅದು ಕೆಲಸದ ಸುಲಭದ ಭಾಗ. ಕಷ್ಟ ಇರೋದು ಆ ಪ್ಲಾಸ್ಟಿಕ್ಕಿನ ಮೈಮೇಲೆ. ನಿಮ್ಮ ಒಂದು ತಲೆಕೂದಲಿನ ದಪ್ಪವನ್ನ ಸಾವಿರ ಭಾಗ ಮಾಡಿ, ಅದರಲ್ಲಿ ಒಂದು ಭಾಗ ತಗೊಳ್ಳಿ. ಅದಕ್ಕಿಂತಲೂ ತೆಳುವಾದ ಒಂದು ಪದರ. ಇವತ್ತಿನ ಮಾತೆಲ್ಲ ಆ ಪದರದ ಬಗ್ಗೆ.

ಮೊದಲು ರಿಂಗ್ ಅಂದ್ರೇನು ಹೇಳಿಬಿಡ್ತೀನಿ, ಪರ್ಯಾಯ ಯಾಕೆ ಬೇಕು ಅಂತ ಆಗ ಗೊತ್ತಾಗುತ್ತೆ. 1950ರ ದಶಕದಲ್ಲಿ ಸೈಬೀರಿಯಾದ ಕುರ್ಗಾನ್ ಅನ್ನೋ ಊರಲ್ಲಿ ಗಾವ್ರಿಲ್ ಇಲಿಜರೋವ್ ಅನ್ನೋ ಡಾಕ್ಟರ್ ಕಂಡುಕೊಂಡ ವಿಧಾನ ಅದು. ಕಾಲಿನ ಸುತ್ತ ಲೋಹದ ಬಳೆಗಳು, ಅದರಿಂದ ಮೂಳೆಯೊಳಕ್ಕೆ ತಂತಿಗಳು. ಚೆನ್ನಾಗಿರೋ ಕಡೆ ಮೂಳೆಯನ್ನ ಬೇಕಂತಲೇ ಕತ್ತರಿಸಿ, ಆ ತುಂಡನ್ನ ದಿನಕ್ಕೆ ಒಂದು ಮಿಲಿಮೀಟರಿನಂತೆ ಜರುಗಿಸ್ತಾ ಹೋಗ್ತಾರೆ. ಅದನ್ನೂ ಒಂದೇ ಸಲ ಅಲ್ಲ, ಸಾಮಾನ್ಯವಾಗಿ ನಾಲ್ಕು ಸಲಕ್ಕೆ ಹಂಚಿ. ಹಿಂದೆ ಬಿಟ್ಟ ಜಾಗದಲ್ಲಿ ಹೊಸ ಮೂಳೆ ಹುಟ್ಟುತ್ತಾ ಬರುತ್ತೆ. ಐದು ಸೆಂಟಿಮೀಟರ್ ಅಂದ್ರೆ ಜರುಗಿಸೋದಕ್ಕೇ ಐವತ್ತು ದಿನ, ಆ ಹೊಸ ಮೂಳೆ ಗಟ್ಟಿಯಾಗೋಕೆ ಅದರ ಮೇಲೆ ಇನ್ನೂ ತಿಂಗಳುಗಟ್ಟಲೆ. ಕಾಲಲ್ಲಿ ಕಬ್ಬಿಣ ಹೊತ್ಕೊಂಡು ಮಲಗಿ, ಏಳು, ಸ್ನಾನ ಮಾಡು. ಹಿಂಸೆ, ಆದ್ರೆ ಕೆಲಸ ಮಾಡುತ್ತೆ. ಇನ್ನೊಂದು ದಾರಿ, ಸೊಂಟದ ಮೂಳೆಯಿಂದ ಕೆರೆದು ತೆಗೆದು ಖಾಲಿ ಜಾಗಕ್ಕೆ ತುಂಬೋದು. ಅದೂ ಒಳ್ಳೇದೇ, ಆದ್ರೆ ಸೊಂಟದಲ್ಲಿ ಎಷ್ಟಿದೆಯೋ ಅಷ್ಟೇ ಸಿಗೋದು. ತೆಗೆದ ಜಾಗ ಬೇರೆ ನೋಯುತ್ತೆ.

ಹಾಗಾಗಿ ಹುಟ್ಟಿದ ಆಸೆ ಇದು: ಖಾಲಿ ಜಾಗಕ್ಕೆ ಒಂದು ಚೌಕಟ್ಟು ಇಡೋಣ, ದೇಹವೇ ಅದರ ಮೇಲೆ ಮೂಳೆ ಕಟ್ಟಿಕೊಳ್ಳಲಿ, ಕಟ್ಟಿದ ಮೇಲೆ ಚೌಕಟ್ಟು ತಾನಾಗಿ ಕರಗಿ ಹೋಗಲಿ. ಇದಕ್ಕೆ ಸ್ಕ್ಯಾಫೋಲ್ಡ್ ಅಂತಾರೆ. ಮನೆ ಕಟ್ಟೋವಾಗ ಸರ್ವೆ ಕಂಬದಲ್ಲಿ ಸಾರುವೆ ಕಟ್ತಾರಲ್ಲ, ಅದೇ ಪದ, ಅದೇ ಅರ್ಥ. ಬಾಬ್ ಲ್ಯಾಂಗರ್ ಮತ್ತು ಜೋಸೆಫ್ ವಕಾಂಟಿ 1993ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬರೆದ ಲೇಖನದಿಂದ ಟಿಶ್ಯೂ ಎಂಜಿನಿಯರಿಂಗ್ ಅನ್ನೋ ಮಾತು ಎಲ್ಲೆಡೆ ಹರಡಿತು.

ಈ ಸಾರುವೆಗೆ ಬಳಸೋ ಪಾಲಿಮರ್‌ಗಳು ನಿಮಗೆ ಪೂರ್ತಿ ಅಪರಿಚಿತ ಅಲ್ಲ. ಪಿಎಲ್‌ಎ, ಅಂದ್ರೆ ಮೆಕ್ಕೆಜೋಳದ ಪಿಷ್ಟದಿಂದ ಮಾಡೋ ಪ್ಲಾಸ್ಟಿಕ್, ಕಾಲೇಜು ಲ್ಯಾಬಿನ ಥ್ರೀಡಿ ಪ್ರಿಂಟರಿಗೆ ಹಾಕೋ ದಾರ ಅದೇ. ಆಪರೇಷನ್ ಆದಮೇಲೆ ಬಿಚ್ಚೋದೇ ಬೇಡ, ತಾನೇ ಕರಗುತ್ತೆ ಅಂತಾರಲ್ಲ ಆ ಹೊಲಿಗೆ ದಾರ, ಅದೂ ಇದೇ ವಂಶದ್ದು. ಮೂರನೇದು ಪಿಸಿಎಲ್, ಪಾಲಿಕ್ಯಾಪ್ರೊಲ್ಯಾಕ್ಟೋನ್. ಸುಮಾರು 60 ಡಿಗ್ರಿಗೆ ಕರಗುತ್ತೆ, ಅಂದ್ರೆ ಒಲೆಯಿಂದ ಈಗಷ್ಟೇ ಇಳಿಸಿದ ಕಾಫಿಯಲ್ಲಿ ಅದ್ದಿದ್ರೆ ಮೆತ್ತಗಾಗಿಬಿಡುತ್ತೆ. ಆದ್ರೆ ದೇಹದೊಳಗೆ ನಿಧಾನ, ಪೂರ್ತಿ ಕರಗೋಕೆ ಎರಡು ಮೂರು ವರ್ಷವಾದರೂ ಬೇಕು. ನಮ್ಮ ಬಿ.ಕಾಂ ಭಾಷೆಯಲ್ಲಿ ಹೇಳ್ಬೇಕಂದ್ರೆ ಇದೊಂದು ಡಿಪ್ರಿಸಿಯೇಷನ್ ಲೆಕ್ಕ. ಸಾರುವೆ ಎಷ್ಟು ಬೇಗ ಸವೀಬೇಕು, ಅಷ್ಟರೊಳಗೆ ಮೂಳೆ ಎಷ್ಟು ಬೆಳೀಬೇಕು. ಎರಡೂ ಹೊಂದಲಿಲ್ಲ ಅಂದ್ರೆ ಲಾಸ್.

ಈ ಪ್ಲಾಸ್ಟಿಕ್‌ಗಳಿಗೆಲ್ಲ ಒಂದೇ ಚಾಳಿ. ನೀರು ಕಂಡ್ರೆ ಆಗಲ್ಲ. ಕೆಸುವಿನ ಎಲೆ ಮೇಲೆ ನೀರು ಹಾಕಿ ನೋಡಿದೀರಲ್ಲ? ಮುತ್ತಿನ ಹಾಗೆ ಉರುಳಿ ಹೋಗುತ್ತೆ. ಪಿಸಿಎಲ್ ಅಷ್ಟು ಮೊಂಡಲ್ಲ, ಆದ್ರೂ ನೀರು ಅದರ ಮೇಲೆ ಹರಡದೆ ಗುಡ್ಡೆಯಾಗಿ ಕೂರುತ್ತೆ. ದೇಹ ಅನ್ನೋದೋ ಬಹುಪಾಲು ನೀರು. ಜೀವಕೋಶಗಳು ನೀರಲ್ಲೇ ತೇಲಿಕೊಂಡು ಬರಬೇಕು. ನೀರೇ ಕೂರದ ಜಾಗದಲ್ಲಿ ಅವು ಹೇಗೆ ಕೂರ್ತವೆ?

ಈ ತೊಂದರೆ ಮೊದಲು ಎದುರಾಗಿದ್ದು ಡಾಕ್ಟರುಗಳಿಗಲ್ಲ, ಪ್ರಿಂಟಿಂಗ್ ಪ್ರೆಸ್ಸಿನೋರಿಗೆ. ಬೆಳಿಗ್ಗೆ ಮನೆಗೆ ಬರೋ ಹಾಲಿನ ಪ್ಯಾಕೆಟ್ ತಗೊಳ್ಳಿ. ಅದು ಪಾಲಿಥೀನ್. ಹಾಗೇ ಬಿಟ್ರೆ ಅದರ ಮೇಲೆ ಇಂಕು ನಿಲ್ಲಲ್ಲ, ಬೆರಳಲ್ಲಿ ಉಜ್ಜಿದ್ರೆ ಬಂದುಬಿಡುತ್ತೆ. 1950ರ ದಶಕದ ಆರಂಭದಲ್ಲಿ ಡೆನ್ಮಾರ್ಕ್‌ನ ವೆರ್ನರ್ ಐಸ್ಬಿ ಅನ್ನೋ ಎಂಜಿನಿಯರ್ ಇದಕ್ಕೊಂದು ಉಪಾಯ ಮಾಡಿದ್ರು. ಪ್ಲಾಸ್ಟಿಕ್ ಹಾಳೆ ಓಡ್ತಾ ಇರೋವಾಗ ಅದರ ಮೇಲೆ ಹೈ ವೋಲ್ಟೇಜ್ ಕರೆಂಟಿನ ಕಿಡಿ ಸುರಿಸೋದು. ಕೊರೋನಾ ಟ್ರೀಟ್‌ಮೆಂಟ್ ಅಂತ ಹೆಸರು. ಆ ವೈರಸ್ಸಿಗೂ ಇದಕ್ಕೂ ಸಂಬಂಧ ಇಲ್ಲ. ಕಿಡಿ ತಾಗಿದ ಕಡೆ ಪ್ಲಾಸ್ಟಿಕ್ಕಿನ ಮೇಲ್ಪದರಕ್ಕೆ ಗಾಳಿಯ ಆಮ್ಲಜನಕ ಅಂಟಿಕೊಳ್ಳುತ್ತೆ, ನೀರು, ಇಂಕು ಎರಡಕ್ಕೂ ಅದು ಒಲಿಯುತ್ತೆ. ಪ್ರೆಸ್ಸಲ್ಲಿ ಕೆಲಸ ಮಾಡೋರಿಗೆ ಇದು ದಿನದ ಮಾತು. ಡೈನ್ ಪೆನ್ ಅಂತ ಒಂದು ಪೆನ್ ಇಟ್ಕೊಂಡಿರ್ತಾರೆ, ಹಾಳೆ ಮೇಲೆ ಗೆರೆ ಎಳೀತಾರೆ, ಗೆರೆ ಹಾಗೇ ನಿಂತ್ರೆ ಪಾಸು, ಹನಿ ಹನಿಯಾಗಿ ಒಡೆದ್ರೆ ಫೇಲು. ಬರೀ ಪಾಲಿಥೀನ್ ಸುಮಾರು 31 ಡೈನ್, ಪ್ರಿಂಟ್ ಮಾಡೋಕೆ 38ರ ಆಸುಪಾಸು ಬೇಕು.

ಮೂಳೆ ಸ್ಕ್ಯಾಫೋಲ್ಡಿನ ಲ್ಯಾಬಲ್ಲಿ ಮಾಡೋದೂ ಇದರ ತಮ್ಮನನ್ನೇ. ಅಲ್ಲಿ ಕೂರಿಸಬೇಕಾಗಿರೋದು ಇಂಕಲ್ಲ, ಜೀವ. ಅಷ್ಟೇ ವ್ಯತ್ಯಾಸ.

ಇಲ್ಲಿ ನನಗೆ ತುಂಬಾ ಇಷ್ಟವಾದ ಒಬ್ಬ ವ್ಯಕ್ತಿ ಬರ್ತಾರೆ. ಲಿಯೋ ವ್ರೋಮನ್. 1915ರಲ್ಲಿ ನೆದರ್ಲೆಂಡ್ಸಿನ ಗೌಡಾದಲ್ಲಿ ಹುಟ್ಟಿದೋರು. ಹೌದು, ಆ ಚೀಸ್ ಊರೇ, ನಮ್ಮ ಗೌಡ್ರಲ್ಲ. ಯುದ್ಧದ ಕಾಲದಲ್ಲಿ ಜರ್ಮನ್ನರಿಂದ ತಪ್ಪಿಸಿಕೊಂಡು ಹೊರಟು, ಈಗಿನ ಇಂಡೋನೇಷ್ಯಾ ತಲುಪಿ, ಅಲ್ಲಿ ಜಪಾನಿಯರ ಕೈಗೆ ಸಿಕ್ಕಿ ಯುದ್ಧಕೈದಿಯಾದ್ರು. ಆಮೇಲೆ ಅಮೆರಿಕಕ್ಕೆ ಹೋಗಿ ರಕ್ತದ ಮೇಲೆ ಸಂಶೋಧನೆ ಮಾಡಿದ್ರು. ಅವರ ದೇಶದಲ್ಲಿ ಕೇಳಿದ್ರೆ ವ್ರೋಮನ್ ಅಂದ್ರೆ ಕವಿ, ಡಚ್ ಭಾಷೆಯ ದೊಡ್ಡ ಕವಿ. ಬಯೋಮೆಟೀರಿಯಲ್ಸ್ ಲ್ಯಾಬಲ್ಲಿ ಕೇಳಿದ್ರೆ ವ್ರೋಮನ್ ಅಂದ್ರೆ ವ್ರೋಮನ್ ಎಫೆಕ್ಟ್. ಇಬ್ಬರೂ ಒಬ್ಬರೇ ಅಂತ ಎರಡೂ ಕಡೆ ಬಹಳ ಜನಕ್ಕೆ ಗೊತ್ತಿರೋದಿಲ್ಲ.

ಅವರು ನೋಡಿದ್ದು ಏನಂದ್ರೆ, ದೇಹದೊಳಗೆ ಹೋದ ಯಾವ ವಸ್ತುವೂ ಬರಿಮೈಯಲ್ಲಿ ಇರಲ್ಲ. ರಕ್ತ ತಾಗಿದ ಕೆಲವೇ ಸೆಕೆಂಡುಗಳಲ್ಲಿ ರಕ್ತದ ಪ್ರೋಟೀನ್‌ಗಳು ಅದರ ಮೇಲೆ ಬಂದು ಕೂತುಬಿಡ್ತವೆ. 1962ರಲ್ಲಿ ನೇಚರ್ ಪತ್ರಿಕೆಯಲ್ಲಿ ಅವರು ಬರೆದದ್ದೂ ಇದನ್ನೇ, ಪ್ರೋಟೀನ್ ಕೂತ ಮೇಲೆ ನೀರು ಬೇಡ ಅನ್ನೋ ವಸ್ತುವೂ, ನೀರು ಬೇಕು ಅನ್ನೋ ವಸ್ತುವೂ ತಮ್ಮ ಗುಣ ಬದಲಾಯಿಸಿಕೊಳ್ತವೆ ಅಂತ. ಆಮೇಲೆ ಇನ್ನೊಂದು ಗೊತ್ತಾಯ್ತು: ಮೊದಲು ಕೂತೋರೇ ಕೊನೇವರೆಗೂ ಕೂತಿರಲ್ಲ. ಬಸ್ ಸ್ಟ್ಯಾಂಡಿಗೆ ಬಂದ ತಕ್ಷಣ ಚುರುಕಾಗಿರೋ ಹುಡುಗರು ಓಡಿ ಬಂದು ಸೀಟು ಹಿಡೀತಾರೆ. ಆಮೇಲೆ ನಿಧಾನಕ್ಕೆ ಅಜ್ಜಿ, ಅಮ್ಮ, ಮಗು ಎತ್ಕೊಂಡೋರು ಬರ್ತಾರೆ, ಹುಡುಗರು ಎದ್ದು ಜಾಗ ಬಿಡ್ತಾರೆ. ರಕ್ತದಲ್ಲಿ ಅತಿ ಹೆಚ್ಚು ಇರೋ ಆಲ್ಬುಮಿನ್ ಆ ಚುರುಕು ಹುಡುಗರ ಥರ. ಆಮೇಲೆ ಬರೋದು ಫೈಬ್ರಿನೋಜೆನ್‌ನಂಥ ದೊಡ್ಡ ಪ್ರೋಟೀನ್‌ಗಳು.

ಮೂಳೆ ಕಟ್ಟೋ ಜೀವಕೋಶ ಈ ಸಾರುವೆ ಹತ್ತಿರ ಬರೋ ಹೊತ್ತಿಗೆ ಅದಕ್ಕೆ ಪ್ಲಾಸ್ಟಿಕ್ ಕಾಣೋದೇ ಇಲ್ಲ. ಕಾಣೋದು ಪ್ರೋಟೀನ್ ಹೊದಿಕೆ ಮಾತ್ರ. ಹಾಗಾದ್ರೆ ಒಳಗಿನ ಮೇಲ್ಮೈ ಹೇಗಿದ್ರೇನು, ಹೇಗಿದ್ರೂ ಮುಚ್ಚಿ ಹೋಗುತ್ತಲ್ಲ ಅಂತ ಕೇಳಬಹುದು. ನನಗೂ ಅದೇ ಪ್ರಶ್ನೆ ಬಂತು. ಉತ್ತರ ಓದಿದಾಗ ಈ ಕಂತು ಮಾಡಲೇಬೇಕು ಅನ್ನಿಸ್ತು.

ಯಾವ ಪ್ರೋಟೀನ್ ಕೂರುತ್ತೆ, ಯಾವ ಭಂಗಿಯಲ್ಲಿ ಕೂರುತ್ತೆ ಅನ್ನೋದನ್ನ ಆ ಮೇಲ್ಮೈ ತೀರ್ಮಾನ ಮಾಡುತ್ತೆ. ನಮ್ಮ ದೇಹದಲ್ಲಿ ಫೈಬ್ರೊನೆಕ್ಟಿನ್ ಅಂತ ಒಂದು ಪ್ರೋಟೀನ್ ಇದೆ, ಜೀವಕೋಶಗಳು ಹಿಡಿದು ನಿಲ್ಲೋಕೆ ಅದರಲ್ಲಿ ಒಂದು ಹಿಡಿಕೆ ಇದೆ. ಎಷ್ಟು ಚಿಕ್ಕ ಹಿಡಿಕೆ ಅಂದ್ರೆ ಮೂರೇ ಮೂರು ಅಮೈನೋ ಆಮ್ಲ: ಆರ್ಜಿನಿನ್, ಗ್ಲೈಸಿನ್, ಆಸ್ಪಾರ್ಟಿಕ್ ಆಮ್ಲ. 1984ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಪಿಯರ್‌ಶ್‌ಬಾಕರ್ ಮತ್ತು ರುವೋಸ್ಲಾತಿ ಇದನ್ನ ತೋರಿಸಿದ್ರು. ಸಾವಿರಾರು ಕೊಂಡಿಗಳಿರೋ ಆ ಉದ್ದದ ಪ್ರೋಟೀನಿನಲ್ಲಿ ಅಷ್ಟು ಚಿಕ್ಕ ತುಣುಕಿಗೆ ಜೀವಕೋಶವನ್ನ ಹಿಡಿದು ನಿಲ್ಲಿಸೋ ಶಕ್ತಿ ಇದೆ. ಸಿಟಿ ಬಸ್ಸಿನಲ್ಲಿ ಮೇಲಿಂದ ನೇತಾಡುತ್ತಲ್ಲ ಆ ಹಿಡಿಕೆ ಅಂತ ಅಂದ್ಕೊಳ್ಳಿ. ನೀರು ಬೇಡ ಅನ್ನೋ ಪ್ಲಾಸ್ಟಿಕ್ ಮೇಲೆ ಈ ಪ್ರೋಟೀನ್ ಕೂತ್ರೆ ಅದು ಮುದುಡಿಕೊಂಡು, ಮುಖ ಕೆಳಗೆ ಮಾಡಿ ಬಿದ್ದಿರುತ್ತೆ. ಹಿಡಿಕೆ ಅಡಿಗೆ ಸಿಕ್ಕಿಬಿಡುತ್ತೆ. ಜೊತೆಗೆ ಅಂಥ ಕಡೆ ಆಲ್ಬುಮಿನ್ ಗಟ್ಟಿಯಾಗಿ ಕಚ್ಚಿಕೊಂಡು ಜಾಗವನ್ನೇ ಬಿಡೋದಿಲ್ಲ. ಆಲ್ಬುಮಿನ್‌ಗೆ ಹಿಡಿಕೆ ಇಲ್ಲ. ಬಂದ ಜೀವಕೋಶ ಕೈ ಚಾಚುತ್ತೆ, ಏನೂ ಸಿಗಲ್ಲ, ಉಂಡೆಯಾಗಿಯೇ ಉಳಿಯುತ್ತೆ. ಮೂಳೆ ಕಟ್ಟೋ ಜೀವಕೋಶಕ್ಕೆ ಹಿಡಿದುಕೊಳ್ಳೋಕೆ ಜಾಗ ಸಿಗದಿದ್ರೆ ಬಹಳ ಹೊತ್ತು ಬದುಕೋದಿಲ್ಲ. ಅದು ತೇಲಿಕೊಂಡು ಬಾಳೋ ಜಾತಿಯಲ್ಲ.

ಹಾಗಂತ ಪ್ಲಾಸ್ಟಿಕ್ಕನ್ನ ಪೂರ್ತಿ ನೀರುಪ್ರಿಯ ಮಾಡಿಬಿಟ್ರೆ ಮುಗೀತಾ? ಅದೂ ಇಲ್ಲ. ಅತಿಯಾದ್ರೆ ನೀರು ಅಲ್ಲೇ ಬಿಗಿಯಾಗಿ ಕೂತು ಪ್ರೋಟೀನನ್ನೇ ಹತ್ತಿರ ಸೇರಿಸಲ್ಲ. ನೀರಿನ ಹನಿ ಮೇಲ್ಮೈ ಜೊತೆ ಮಾಡೋ ಕೋನವನ್ನ ಅಳೀತಾರೆ. ಜೀವಕೋಶಗಳು ಚೆನ್ನಾಗಿ ಅಂಟೋದು ಆ ಕೋನ ಸುಮಾರು 40ರಿಂದ 70 ಡಿಗ್ರಿ ನಡುವೆ ಇರೋ ಕಡೆ. ಮುದ್ದೆ ಹದ ಇದ್ದ ಹಾಗೆ, ಗಟ್ಟಿನೂ ಅಲ್ಲ, ನೀರುನೀರೂ ಅಲ್ಲ.

ಸರಿ, ಹದಕ್ಕೆ ತರೋದು ಹೇಗೆ?

ಅತಿ ಅಗ್ಗದ್ದು ಕಾಸ್ಟಿಕ್ ಸೋಡಾ. ಹೌದು, ಚರಂಡಿ ಪೈಪು ಕಟ್ಟಿಕೊಂಡ್ರೆ ಸುರಿಯೋದು, ಸೋಪು ಮಾಡೋಕೆ ಬಳಸೋದು, ಅದೇ. ಪಿಸಿಎಲ್, ಪಿಎಲ್‌ಎ ಎಲ್ಲ ಪಾಲಿಎಸ್ಟರ್ ಜಾತಿ. ಕಾಸ್ಟಿಕ್ ಸೋಡಾ ನೀರಲ್ಲಿ ಕೆಲವು ಗಂಟೆ ಮುಳುಗಿಸಿದ್ರೆ ಮೇಲಿನ ಎಸ್ಟರ್ ಕೊಂಡಿಗಳು ಕತ್ತರಿಸಿಹೋಗಿ, ನೀರಿಗೆ ಒಲಿಯೋ ತುದಿಗಳು ಹೊರಗೆ ಬರ್ತವೆ. ಮೇಲ್ಮೈಯೂ ಸ್ವಲ್ಪ ಒರಟಾಗುತ್ತೆ. ಗಾರೆ ಕೆಲಸದೋರು ನಯವಾದ ಕಾಂಕ್ರೀಟ್ ಕಂಬಕ್ಕೆ ಪ್ಲಾಸ್ಟರ್ ಮಾಡೋ ಮೊದಲು ಕೊಡಲಿಯಲ್ಲಿ ಕೊಚ್ಚಿ ಕೊಚ್ಚಿ ಗಾಯ ಮಾಡ್ತಾರಲ್ಲ, ಅದೇ ಬುದ್ಧಿ. ಆದ್ರೆ ಗಂಟೆ ಲೆಕ್ಕ ತಪ್ಪಿದ್ರೆ ಎಳೆಗಳೇ ಸಣ್ಣಗಾಗಿ ಸಾರುವೆ ಬಲ ಕಳ್ಕೊಳ್ಳುತ್ತೆ.

ಎರಡನೇದು ಪ್ಲಾಸ್ಮಾ. ರಕ್ತದ ಪ್ಲಾಸ್ಮಾ ಅಲ್ಲ, ಹೆಸರು ಮಾತ್ರ ಒಂದೇ. ಟ್ಯೂಬ್‌ಲೈಟ್ ಒಳಗೆ ಉರೀತಾ ಇರುತ್ತಲ್ಲ, ಆ ಥರದ್ದು. ಒಂದು ಪೆಟ್ಟಿಗೆಯಲ್ಲಿ ಸ್ಕ್ಯಾಫೋಲ್ಡ್ ಇಟ್ಟು, ಗಾಳಿ ಎಳೆದು, ಸ್ವಲ್ಪ ಆಮ್ಲಜನಕವೋ ಆರ್ಗಾನೋ ಅಮೋನಿಯಾವೋ ಬಿಟ್ಟು, ಕರೆಂಟ್ ಕೊಟ್ರೆ ನೇರಳೆ ಬೆಳಕು ಬರುತ್ತೆ. ಕೆಲವು ಸೆಕೆಂಡು, ಇಲ್ಲಾ ಕೆಲವು ನಿಮಿಷ. ಮೇಲಿನ ಕೆಲವೇ ನ್ಯಾನೊಮೀಟರ್ ಬದಲಾಗುತ್ತೆ, ಒಳಗಿನ ಬಲ ಹಾಗೇ ಇರುತ್ತೆ. ಆಮ್ಲಜನಕ ಬಿಟ್ರೆ ಆಮ್ಲಜನಕದ ಗುಂಪು, ಅಮೋನಿಯಾ ಬಿಟ್ರೆ ನೈಟ್ರೋಜನ್ ಗುಂಪು, ಬೇಕಾದ್ದನ್ನ ಮೈಗೆ ಅಂಟಿಸ್ಕೊಬಹುದು. ಅಂದಹಾಗೆ, ಪ್ರಪಂಚದ ಎಲ್ಲ ಜೀವಶಾಸ್ತ್ರ ಲ್ಯಾಬುಗಳಲ್ಲಿ ಜೀವಕೋಶ ಬೆಳೆಸೋ ಪ್ಲಾಸ್ಟಿಕ್ ತಟ್ಟೆಗಳಿಗೂ ಇದೇ ಥರದ ಉಪಚಾರ ಆಗಿರುತ್ತೆ. ಇಲ್ಲದಿದ್ರೆ ಬರೀ ಪಾಲಿಸ್ಟೈರೀನ್ ತಟ್ಟೆ ಮೇಲೆ ಜೀವಕೋಶ ಸರಿಯಾಗಿ ನಿಲ್ಲಲ್ಲ.

ಇನ್ನೊಂದು ಕತೆ ಸಮುದ್ರದ್ದು. ನಮ್ಮ ಕರಾವಳಿಯೋರು ಪಚ್ಚಿಲೆ ಅಂತಾರಲ್ಲ, ಬಂಡೆಗೆ ಕಚ್ಚಿಕೊಂಡಿರೋ ಚಿಪ್ಪು. ಎಷ್ಟು ಅಲೆ ಹೊಡೆದ್ರೂ ಬಿಡಲ್ಲ. ಒದ್ದೆ ಬಂಡೆಗೆ, ಉಪ್ಪುನೀರಿನೊಳಗೆ, ಅಂಟು! ನಾವು ಫೆವಿಕಾಲ್ ಹಚ್ಚೋಕೆ ಮೊದಲು ಒರೆಸಿ ಒಣಗಿಸ್ತೀವಿ. ಈ ಜಾತಿಯ ಚಿಪ್ಪುಜೀವಿಗಳ ಅಂಟಲ್ಲಿರೋ ರಸಾಯನವನ್ನ ನೋಡಿಕೊಂಡು 2007ರಲ್ಲಿ ಅಮೆರಿಕದ ಫಿಲಿಪ್ ಮೆಸರ್‌ಸ್ಮಿತ್ ತಂಡ ಒಂದು ವಿಧಾನ ಪ್ರಕಟಿಸಿತು. ಡೋಪಮೈನ್ ಇದೆಯಲ್ಲ, ಫೋನ್ ನೋಟಿಫಿಕೇಷನ್ ಬಂದಾಗ ಮೆದುಳಲ್ಲಿ ಬರುತ್ತೆ ಅಂತ ಎಲ್ರೂ ಹೇಳ್ತಾರಲ್ಲ, ಅದೇ ಪುಡಿಯನ್ನ ಲೀಟರಿಗೆ 2 ಗ್ರಾಂನಂತೆ, ಸ್ವಲ್ಪ ಕ್ಷಾರೀಯ ನೀರಲ್ಲಿ ಕರಗಿಸಿ, ವಸ್ತುವನ್ನ ಅದ್ದಿ ಇಟ್ರೆ, ಒಂದು ದಿನದಲ್ಲಿ 50 ನ್ಯಾನೊಮೀಟರ್‌ವರೆಗೆ ದಪ್ಪದ ಕಂದು ಪದರ ಕೂರುತ್ತೆ. ಟೆಫ್ಲಾನ್ ಮೇಲೂ ಕೂರುತ್ತೆ. ನಮ್ಮ ನಾನ್‌ಸ್ಟಿಕ್ ಹೆಂಚಿಗೇ ಅಂಟುತ್ತೆ ಅಂದ್ಮೇಲೆ ಲೆಕ್ಕ ಹಾಕಿ. ಆ ಪದರದ ಮೇಲೆ ಪ್ರೋಟೀನನ್ನೋ, ಔಷಧವನ್ನೋ ಕೂರಿಸಬಹುದು. ಆ ಕಂದು ಪದರದ ಒಳರಚನೆ ನಿಖರವಾಗಿ ಏನು ಅಂತ ರಸಾಯನಶಾಸ್ತ್ರದೋರು ಇನ್ನೂ ವಾದ ಮಾಡ್ತಾನೇ ಇದಾರೆ, ಅದು ಬೇರೆ ಮಾತು.

ಇನ್ನು ಜಪಾನಿನ ಕ್ಯೋಟೊದ ತದಾಶಿ ಕೊಕುಬೊ ರೂಪಿಸಿದ ಒಂದು ದ್ರವ ಇದೆ. ನಮ್ಮ ರಕ್ತದ್ರವದಲ್ಲಿ ಯಾವ ಲವಣ ಎಷ್ಟಿದೆಯೋ ಹೆಚ್ಚುಕಮ್ಮಿ ಅಷ್ಟೇ ಇರೋ ನೀರು. 36.5 ಡಿಗ್ರಿಯಲ್ಲಿಟ್ಟು, ಮೊದಲೇ ಕಾಸ್ಟಿಕ್ ಸೋಡಾ ಕಂಡಿರೋ ಸ್ಕ್ಯಾಫೋಲ್ಡನ್ನ ಅದರಲ್ಲಿ ದಿನಗಟ್ಟಲೆ ಮುಳುಗಿಸಿದ್ರೆ, ಮೂಳೆಯಲ್ಲಿರೋ ಥರದ್ದೇ ಕ್ಯಾಲ್ಸಿಯಂ ಫಾಸ್ಫೇಟ್ ಮೈಮೇಲೆ ಕಟ್ಟುತ್ತೆ. ಬೋರ್‌ವೆಲ್ ನೀರು ಕಾಯಿಸೋ ಗೀಸರಲ್ಲಿ ಬಿಳಿ ಉಪ್ಪು ಕಟ್ಟಿದ ಹಾಗೆ, ಆದ್ರೆ ಇದು ಬೇಕಾಗಿ ಕಟ್ಟಿಸಿದ್ದು.

ಇಷ್ಟೆಲ್ಲ ಇದೆ, ಲ್ಯಾಬಲ್ಲಿ ಕೆಲಸನೂ ಮಾಡುತ್ತೆ. ಹಾಗಾದ್ರೆ ತುಮಕೂರಿನ ಅಣ್ಣನಿಗೆ ಯಾಕೆ ಸಿಗ್ತಿಲ್ಲ?

ನನಗನ್ಸೋದು, ಇಲ್ಲಿಂದ ಮುಂದಿನದು ವಿಜ್ಞಾನಕ್ಕಿಂತ ಹೆಚ್ಚಾಗಿ ಸ್ಟಾಕ್ ಮತ್ತು ಆಡಿಟ್ ಸಮಸ್ಯೆ. ಪ್ಲಾಸ್ಮಾ ಕೊಟ್ಟ ಮೇಲ್ಮೈ ಹಾಗೇ ಉಳಿಯಲ್ಲ. ಪಾಲಿಮರ್ ಅಂದ್ರೆ ಉದ್ದುದ್ದ ಸರಪಳಿಗಳು, ಅವು ಒಳಗೊಳಗೇ ಹೊರಳಾಡ್ತಾ ಇರ್ತವೆ. ನಾವು ಕಷ್ಟಪಟ್ಟು ಮೇಲೆ ತಂದ ನೀರುಪ್ರಿಯ ತುದಿಗಳು ಗಾಳಿಯಲ್ಲಿ ಸುಮ್ಮನೆ ಇಟ್ರೆ ದಿನಗಳಲ್ಲಿ, ವಾರಗಳಲ್ಲಿ ನಿಧಾನಕ್ಕೆ ಒಳಮುಖ ಮಾಡಿ ಮಲಗಿಬಿಡ್ತವೆ. ಸೋಮವಾರ ಟ್ರೀಟ್ ಮಾಡಿ ಮಂಗಳವಾರ ಜೀವಕೋಶ ಹಾಕಿದ್ರೆ ರಿಸಲ್ಟ್ ಸೂಪರ್. ಅದನ್ನೇ ಪ್ಯಾಕ್ ಮಾಡಿ ಗೋಡೌನಲ್ಲಿಟ್ಟು, ಮೂರು ತಿಂಗಳಾದ್ಮೇಲೆ ಜಿಲ್ಲಾ ಆಸ್ಪತ್ರೆಗೆ ಕಳಿಸಿದ್ರೆ, ಡಾಕ್ಟರ್ ಕೈಗೆ ಸಿಗೋದು ಎಂಥ ಮೇಲ್ಮೈ?

ಮಧ್ಯದಲ್ಲಿ ಸ್ಟೆರಿಲೈಸ್ ಮಾಡ್ಬೇಕು. ಆಸ್ಪತ್ರೆಯಲ್ಲಿ ಸಾಮಾನ್ಯವಾಗಿ 121 ಡಿಗ್ರಿ ಹಬೆಯಲ್ಲಿ ಬೇಯಿಸ್ತಾರೆ. ಪಿಸಿಎಲ್ 60ಕ್ಕೇ ಕರಗುತ್ತೆ ಅಂದ್ನಲ್ಲ, ಹಬೆಗೆ ಹಾಕಿದ್ರೆ ಸಾರುವೆ ಹೋಗಿ ಮುದ್ದೆ ಬರುತ್ತೆ. ಗಾಮಾ ಕಿರಣ ಹಾಕೋಣ ಅಂದ್ರೆ, ವಾಡಿಕೆಯ 25 ಕಿಲೊಗ್ರೇ ಡೋಸು ಪಾಲಿಮರ್ ಸರಪಳಿಗಳನ್ನ ಅಲ್ಲಲ್ಲಿ ಕತ್ತರಿಸಬಹುದು, ಇಲ್ಲಾ ಒಂದಕ್ಕೊಂದು ಗಂಟು ಹಾಕಬಹುದು. ಎಥಿಲೀನ್ ಆಕ್ಸೈಡ್ ಅನಿಲ ಅಂದ್ರೆ ಅದರ ಉಳಿಕೆ ಹೋಗೋವರೆಗೂ ಗಾಳಿಗೆ ಬಿಡ್ಬೇಕು. ಕ್ರಿಮಿ ಸಾಯಿಸೋ ಭರದಲ್ಲಿ ನಾವು ಮಾಡಿದ ಮೇಲ್ಮೈಯೇ ಬದಲಾಗಿಬಿಡುವ ಅಪಾಯ ಮೂರರಲ್ಲೂ ಇದೆ.

ಆಮೇಲೆ ಆಳ. ಮೂಳೆಯೂ ರಕ್ತನಾಳವೂ ಒಳಗೆ ಬೆಳೀಬೇಕಂದ್ರೆ ಸಾರುವೆಯೊಳಗೆ ಸುಮಾರು 300 ಮೈಕ್ರಾನಿನ ತೂತುಗಳು ಬೇಕು, ಮೂರ್ನಾಲ್ಕು ತಲೆಕೂದಲು ಅಕ್ಕಪಕ್ಕ ಇಟ್ಟಷ್ಟು ಅಗಲ. ಐದು ಸೆಂಟಿಮೀಟರ್ ಉದ್ದದ, ಇಂಥ ತೂತುಗಳೇ ತುಂಬಿರೋ ತುಂಡಿನ ನಟ್ಟನಡುವೆಗೆ ಪ್ಲಾಸ್ಮಾ ಸರಿಯಾಗಿ ಹೋಗೋದು ಕಷ್ಟ. ಹೊರಗೆ ಚೆನ್ನಾಗಿ ತಾಗಿರುತ್ತೆ, ಒಳಗೆ ಅರೆಬರೆ. ಇಡ್ಲಿ ಹೊರಗೆ ಬೆಂದು ಒಳಗೆ ಹಿಟ್ಟಿದ್ದ ಹಾಗೆ. ಒಳಗೆ ತಾಗಿದೆಯಾ ಇಲ್ವಾ ಅಂತ ನೋಡೋದಾದ್ರೂ ಹೇಗೆ? ನೀರಿನ ಹನಿ ಇಟ್ಟು ಕೋನ ಅಳೆಯೋಣ ಅಂದ್ರೆ ಜಾಲರಿ ಮೇಲೆ ಹನಿ ನಿಲ್ಲಲ್ಲ, ತೂತಿಗೆ ಇಳಿದುಹೋಗುತ್ತೆ. ಮೇಲಿನ ಹತ್ತು ನ್ಯಾನೊಮೀಟರ್ ಓದೋ ಎಕ್ಸ್-ರೇ ಯಂತ್ರಗಳಿವೆ, ಆದ್ರೆ ಅದರಲ್ಲಿ ಒಳಭಾಗ ನೋಡ್ಬೇಕಂದ್ರೆ ತುಂಡನ್ನ ಕತ್ತರಿಸ್ಬೇಕು. ಕತ್ತರಿಸಿದ್ದನ್ನ ರೋಗಿಗೆ ಹಾಕೋಕಾಗಲ್ಲ. ಹಾಲಿನ ಪ್ಯಾಕೆಟ್ಟಿಗೆ ಡೈನ್ ಪೆನ್ ಇದೆ, ಇದಕ್ಕೆ ಅಷ್ಟು ಸುಲಭದ ಪೆನ್ ಇಲ್ಲ. ಸ್ಟಾಕ್ ಇದೆ, ಎಣಿಸೋಕಾಗ್ತಿಲ್ಲ ಅಂದ್ರೆ ಯಾವ ಆಡಿಟರ್ ಸಹಿ ಹಾಕ್ತಾನೆ ಹೇಳಿ.

ಅವಸರ ಮಾಡಿದ್ರೆ ಏನಾಗುತ್ತೆ ಅನ್ನೋದಕ್ಕೆ ಒಂದು ನಿಜವಾದ ಉದಾಹರಣೆ ಇದೆ. 1965ರಲ್ಲಿ ಮಾರ್ಷಲ್ ಯೂರಿಸ್ಟ್ ಅನ್ನೋ ಅಮೆರಿಕದ ಮೂಳೆ ಸರ್ಜನ್, ಖನಿಜ ತೆಗೆದ ಮೂಳೆಯನ್ನ ಪ್ರಾಣಿಗಳ ಮಾಂಸಖಂಡದೊಳಗೆ ಇಟ್ರೆ ಅಲ್ಲೂ ಹೊಸ ಮೂಳೆ ಹುಟ್ಟುತ್ತೆ ಅಂತ ತೋರಿಸಿದ್ರು. ಅದರ ಹಿಂದಿದ್ದ ಪ್ರೋಟೀನ್‌ಗಳಿಗೆ ಬಿಎಂಪಿ ಅಂತ ಹೆಸರಾಯ್ತು. 2002ರಲ್ಲಿ ಅದರಲ್ಲೊಂದಕ್ಕೆ ಬೆನ್ನುಮೂಳೆ ಕೂಡಿಸೋ ಆಪರೇಷನ್ನಿಗೆ ಅಮೆರಿಕದ ಎಫ್‌ಡಿಎ ಒಪ್ಪಿಗೆ ಕೊಡ್ತು. ಕೊಲಾಜೆನ್ ಸ್ಪಂಜನ್ನ ಬಿಎಂಪಿ ದ್ರಾವಣದಲ್ಲಿ ನೆನೆಸಿ ಇಡೋದು. ಸ್ಪಂಜು ಪ್ರೋಟೀನನ್ನ ಗಟ್ಟಿಯಾಗಿ ಹಿಡ್ಕೊಳ್ಳಲ್ಲ, ಬೇಗ ಬಿಟ್ಟುಬಿಡುತ್ತೆ. ಹಾಗಾಗಿ ದೇಹದಲ್ಲಿ ಸಹಜವಾಗಿ ಇರೋದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಹಾಕ್ಬೇಕಾಯ್ತು. ಬೇಡದ ಕಡೆ ಮೂಳೆ ಬೆಳೆದದ್ದು, ಊತ ಬಂದದ್ದು ವರದಿಯಾಯ್ತು. ಕತ್ತಿನ ಬೆನ್ನುಮೂಳೆಗೆ ಅದಕ್ಕೆ ಒಪ್ಪಿಗೆಯೇ ಇರಲಿಲ್ಲ, ಆದ್ರೂ ಬಳಸಿದ್ರು. ಉಸಿರಾಟಕ್ಕೇ ಕುತ್ತು ಬರೋವಷ್ಟು ಊತ ಆದ ಪ್ರಕರಣಗಳು ಬಂದು, 2008ರಲ್ಲಿ ಎಫ್‌ಡಿಎ ಎಚ್ಚರಿಕೆ ಹೊರಡಿಸ್ತು. ಮೇಲ್ಮೈ ಸಂಶೋಧನೆಯ ನಿಜವಾದ ಬೆಲೆ ನನಗೆ ಕಂಡಿದ್ದು ಇಲ್ಲಿ. ಸಾರುವೆಯ ಎಳೆ ಎಳೆಗೂ ಆ ಪ್ರೋಟೀನನ್ನ ಬಿಗಿಯಾಗಿ, ಸರಿಯಾದ ಭಂಗಿಯಲ್ಲಿ ಕಟ್ಟಿಹಾಕೋಕೆ ಸಾಧ್ಯವಾದ್ರೆ, ಚಿಟಿಕೆಯಷ್ಟು ಸಾಕಾಗುತ್ತೆ. ಹರಿದು ಕತ್ತಿಗೆ ಹೋಗಲ್ಲ.

ಆಸ್ಪತ್ರೆ ತಲುಪಿದ್ದು ಏನೂ ಇಲ್ವಾ ಅಂದ್ರೆ, ಇದೆ. ಸಿಂಗಾಪುರದ ಆಸ್ಟಿಯೊಪೋರ್ ಕಂಪನಿಯ ಪಿಸಿಎಲ್ ಸ್ಕ್ಯಾಫೋಲ್ಡಿಗೆ 2006ರಲ್ಲೇ ಎಫ್‌ಡಿಎ ಅನುಮತಿ ಸಿಕ್ಕಿದೆ. ಮೆದುಳಿನ ಆಪರೇಷನ್ ಮಾಡೋವಾಗ ತಲೆಬುರುಡೆಗೆ ಕೊರೆದ ತೂತು ಮುಚ್ಚೋಕೆ ಅದನ್ನ ಬಳಸ್ತಾರೆ. ತಲೆಬುರುಡೆಯ ತೂತು ಅಂದ್ರೆ ಚಿಕ್ಕದು, ಮೈಭಾರ ಬೀಳಲ್ಲ, ಸುತ್ತ ಒಳ್ಳೆ ಮೂಳೆ ಇದೆ. ಮೊಣಕಾಲ ಕೆಳಗಿನ ಐದು ಸೆಂಟಿಮೀಟರ್ ಬೇರೆಯದೇ ಲೋಕ. ಅಲ್ಲಿ ಹೆಜ್ಜೆ ಹೆಜ್ಜೆಗೂ ಇಡೀ ಮೈಭಾರ ಬೀಳುತ್ತೆ. ಗಟ್ಟಿ ಮೂಳೆಯ ಬಿಗಿತ ಪಿಸಿಎಲ್‌ಗಿಂತ ಹತ್ತಾರು ಪಟ್ಟು ಹೆಚ್ಚು. ಜೊತೆಗೆ ಅಲ್ಲಿ ಇನ್ಫೆಕ್ಷನ್ ಬೇರೆ ಆಗಿತ್ತು. ನಮ್ಮ ಮೂಳೆ ಜೀವಕೋಶಕ್ಕೆ ಹಿತವಾದ ಜಾಗ ಬ್ಯಾಕ್ಟೀರಿಯಾಕ್ಕೂ ಹಿತವಾಗಿಬಿಡಬಹುದು. ಯಾರು ಮೊದಲು ಬಂದು ಸೀಟು ಹಿಡೀತಾರೆ ಅನ್ನೋ ಓಟ ಅಲ್ಲೂ ಇದೆ. ಅದಕ್ಕೇ ನಾನು ಕಾಯಬೇಡಿ ಅಂದಿದ್ದು.

ನಮ್ಮ ಬೆಂಗಳೂರಲ್ಲೇ, ಐಐಎಸ್‌ಸಿಯ ಮೆಟೀರಿಯಲ್ಸ್ ಎಂಜಿನಿಯರಿಂಗ್ ವಿಭಾಗದಲ್ಲಿ ಕೌಶಿಕ್ ಚಟರ್ಜಿ ಅವರ ತಂಡ ಈ ಎರಡು ಮುಖದ ಸಮಸ್ಯೆ ಮೇಲೆ ಕೆಲಸ ಮಾಡಿದೆ. ಪಿಸಿಎಲ್ ಒಳಗೆ, ರಾಸಾಯನಿಕವಾಗಿ ಬದಲಾಯಿಸಿದ ಗ್ರಾಫೀನ್ ಬೆರೆಸಿ, ಒಂದೇ ವಸ್ತು ಮೂಳೆಯ ಕಡೆಗೆ ಹೋಗೋ ಕಾಂಡಕೋಶಗಳಿಗೆ ಒಲಿಯೋ ಹಾಗೆ, ಬ್ಯಾಕ್ಟೀರಿಯಾಕ್ಕೆ ಒಲಿಯದ ಹಾಗೆ ಮಾಡೋ ಪ್ರಯತ್ನ. ಮೇಲೆ ಬಳಿದಿದ್ದು ಸವೆದುಹೋಗುತ್ತೆ ಅನ್ನೋದಾದ್ರೆ, ಬೇಕಾದ ಗುಣವನ್ನ ಹಿಟ್ಟಿಗೇ ಕಲಸಿಬಿಡೋ ದಾರಿ ಇದು. ಮಲ್ಲೇಶ್ವರದ ಸಿಗ್ನಲ್ಲಲ್ಲಿ ನಿಂತು ಈ ಕಂತು ಕೇಳ್ತಿದ್ರೆ, ಆ ಲ್ಯಾಬು ನಿಮ್ಮಿಂದ ಎರಡು ಮೂರು ಕಿಲೋಮೀಟರ್ ದೂರದಲ್ಲೇ ಇದೆ.

ಒಂದು ಸಣ್ಣ ಕೆಲಸ ಕೊಡ್ತೀನಿ, ಮನೆಯಲ್ಲೇ ಮಾಡಬಹುದು. ನಾಳೆ ಹಾಲಿನ ಪ್ಯಾಕೆಟ್ ಖಾಲಿಯಾದ್ಮೇಲೆ ಕತ್ತರಿಸಿ, ಸೋಪಿನಲ್ಲಿ ತೊಳೆದು, ಸೋಪು ಪೂರ್ತಿ ಹೋಗೋವರೆಗೂ ನೀರಲ್ಲಿ ಅಲುಬಿ ಒಣಗಿಸಿ. ಒಳಮೈ ಮೇಲೊಂದು ಹನಿ, ಹೊರಗಡೆ ಪ್ರಿಂಟ್ ಇಲ್ಲದ ಜಾಗದಲ್ಲೊಂದು ಹನಿ ನೀರು ಇಡಿ. ಫೋನ್ ಕ್ಯಾಮೆರಾನ ಪಕ್ಕದಿಂದ, ಹನಿಯ ಮಟ್ಟಕ್ಕೆ ಇಳಿಸಿ ಫೋಟೊ ತೆಗೀರಿ. ಕೆಲವು ಪ್ಯಾಕೆಟ್ಟಲ್ಲಿ ವ್ಯತ್ಯಾಸ ಎದ್ದು ಕಾಣುತ್ತೆ, ಹಳೇ ಫಿಲ್ಮ್ ಆಗಿದ್ರೆ ಅಷ್ಟಾಗಿ ಕಾಣಲ್ಲ, ಮೇಲ್ಮೈ ಮಲಗಿಬಿಟ್ಟಿರುತ್ತೆ. ಫೋಟೊ ನನಗೆ ಕಳಿಸಿ, ಚೆನ್ನಾಗಿರೋದನ್ನ ಸ್ಟೋರಿಗೆ ಹಾಕ್ತೀನಿ. ಎಕ್ಸ್-ರೇ ಮಾತ್ರ ಕಳಿಸಬೇಡಿ, ದಯವಿಟ್ಟು. ಅದನ್ನ ಓದೋಕೆ ನನಗೆ ಬರಲ್ಲ. ಮುಂದಿನ ಶನಿವಾರ ಸಿಗ್ತೀನಿ, ಬರ್ಲಾ.